ಸೇಡಿಗೆ ಕೊಂಡ ಲ್ಯಾಪ್‌ಟಾಪ್

ಮುಳಬಾಗಿಲಿನ ಆ ನರ್ಸಿಂಗ್ ಹೋಮಿನ ಹಜಾರದಲ್ಲಿ, ಡಾಕ್ಟರಿಗಾಗಿ ಕಾಯುತ್ತ ಕೂತಿದ್ದ ಜನರ ಎದುರಿಗೆ, ನನ್ನನ್ನು ಕೆಲಸಕ್ಕಿಟ್ಟುಕೊಂಡಿದ್ದ ಯಜಮಾನರು ನನ್ನ ಹೆಗಲಿನಿಂದ ಲ್ಯಾಪ್‌ಟಾಪಿನ ಚೀಲ ಕಿತ್ತುಕೊಂಡರಲ್ಲ, ಆ ಕ್ಷಣದಲ್ಲೇ ತೀರ್ಮಾನ ಮಾಡಿಬಿಟ್ಟೆ. ನನ್ನದೇ ಒಂದು ಲ್ಯಾಪ್‌ಟಾಪ್ ಕೊಳ್ಳಬೇಕು. ಈ ಮನುಷ್ಯನ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಕಿತ್ತುಕೊಳ್ಳಬೇಕು. ಕೊನೆಗೆ ಅವನ ಬಾಯಿಂದಲೇ ನಿಜ ಹೊರಡಿಸಬೇಕು.

ನಮ್ಮದು ಕಚೇರಿ, ಕಾರ್ಖಾನೆ, ಆಸ್ಪತ್ರೆಗಳಿಗೆ ಟೆಲಿಫೋನ್ ಎಕ್ಸ್‌ಚೇಂಜ್ ಹಾಕಿಕೊಡುವ ಕಸುಬು. ಹೊರಗಿನಿಂದ ಬರುವ ನಾಲ್ಕಾರು ಲೈನುಗಳನ್ನು ಒಳಗಿನ ಹತ್ತಾರು ಫೋನುಗಳಿಗೆ ಹಂಚುವ ಗೋಡೆ ಪೆಟ್ಟಿಗೆ ಅದು. ಜನ ಅದನ್ನು ಇಂಟರ್‌ಕಾಂ ಅನ್ನುತ್ತಿದ್ದರು. ಯಾವ ಮೇಜಿಗೆ ಯಾವ ನಂಬರು, ಯಾರಿಗೆ ಎಸ್‌ಟಿಡಿ ಉಂಟು, ಯಾರಿಗಿಲ್ಲ, ಹೊರಗಿನ ಕರೆ ಮೊದಲು ಎಲ್ಲಿ ರಿಂಗಾಗಬೇಕು, ಇದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ತುಂಬಿ ಕೇಬಲ್ ಮೂಲಕ ಪೆಟ್ಟಿಗೆಗೆ ಕಳಿಸಬೇಕು. ಎರಡು ಸಾವಿರದ ಐದು-ಆರರ ಆ ಕಾಲದಲ್ಲಿ ಕೋಲಾರದ ಕಡೆ ಈ ಕೆಲಸಕ್ಕೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದವರು ಬೆರಳೆಣಿಕೆಯ ಮಂದಿ. ನಾನು ಡಿಪ್ಲೊಮಾ ಮುಗಿಸಿ ಯಜಮಾನರ ಹತ್ತಿರ ಸೇರಿದಾಗಿನಿಂದ ಅವರ ಲ್ಯಾಪ್‌ಟಾಪನ್ನು ಹೊತ್ತು ಊರೂರು ತಿರುಗಿದ್ದೆ.

ಆ ಶುಕ್ರವಾರ ನಡೆದದ್ದು ಇಷ್ಟು. ನರ್ಸಿಂಗ್ ಹೋಮಿನವರು ಮೇಲೊಂದು ಮಹಡಿ ಕಟ್ಟಿ ಹೊಸ ವಾರ್ಡು ಮಾಡಿದ್ದರು. ಅಲ್ಲಿನ ಫೋನುಗಳನ್ನು ಎಕ್ಸ್‌ಚೇಂಜಿಗೆ ಸೇರಿಸಬೇಕಿತ್ತು. ದೊಡ್ಡ ಗಿರಾಕಿಯೆಂದು ಯಜಮಾನರೂ ಜೊತೆಗೆ ಬಂದಿದ್ದರು. ಇಂಥ ಕೆಲಸಕ್ಕೊಂದು ಕ್ರಮವಿದೆ. ಮೊದಲು ಪೆಟ್ಟಿಗೆಯಲ್ಲಿ ಇರುವುದನ್ನು ಲ್ಯಾಪ್‌ಟಾಪಿಗೆ ಓದಿಸಿಕೊಂಡು ಉಳಿಸಿಡಬೇಕು. ಆಮೇಲೆ ಅದರಲ್ಲಿ ಬದಲಾವಣೆ ಮಾಡಿ ವಾಪಸ್ ಬರೆಯಬೇಕು. ಓದಿಸುವುದಕ್ಕೇ ಕಾಲು ಗಂಟೆಯಾದರೂ ಹಿಡಿಯುತ್ತದೆ. ಆದರೆ ಶುಕ್ರವಾರ ಹತ್ತೂವರೆಗೆ ರಾಹುಕಾಲ. ಆಡಳಿತ ನೋಡಿಕೊಳ್ಳುತ್ತಿದ್ದ ಮೇಡಂ, ಡಾಕ್ಟರ ಅಕ್ಕ, ಬೆಳಿಗ್ಗೆಯೇ ಹೇಳಿದ್ದರು: "ಹೊಸ ವಾರ್ಡಿನ ಫೋನು ರಾಹುಕಾಲದಲ್ಲಿ ಶುರು ಆಗೋದು ಬೇಡಪ್ಪ. ಅಷ್ಟರೊಳಗೆ ಮುಗಿಸ್ಬಿಡಿ."

ನಾನು ಪಕ್ಕದ ಕೋಣೆಯಲ್ಲಿ ಏಣಿ ಹತ್ತಿ ವೈರು ಜೋಡಿಸುತ್ತಿದ್ದೆ. ಹತ್ತೂವರೆ ಹತ್ತಿರವಾಗುತ್ತಿದ್ದ ಹಾಗೆ ಯಜಮಾನರಿಗೆ ತಾಳ್ಮೆ ಕೆಟ್ಟಿತು. ಓದಿಸುವುದನ್ನು ಬಿಟ್ಟರು. ಪರದೆಯ ಮೇಲೆ ಹಿಂದಿನ ದಿನ ತೆರೆದಿದ್ದ ಮಾಲೂರಿನ ಹೆಂಚಿನ ಕಾರ್ಖಾನೆಯ ಫೈಲು ಹಾಗೇ ಇತ್ತು. ಅದಕ್ಕೇ ಹೊಸ ವಾರ್ಡಿನ ನಂಬರುಗಳನ್ನು ಸೇರಿಸಿ, ರಾಹುಕಾಲಕ್ಕೆ ಮುಂಚೆ ಬರೆಯುವ ಗುಂಡಿ ಒತ್ತಿಬಿಟ್ಟರು. ಆಸ್ಪತ್ರೆಯ ಎಕ್ಸ್‌ಚೇಂಜು ಹೆಂಚಿನ ಕಾರ್ಖಾನೆಯಾಗಿ ಕೂತಿತು. ಹೆರಿಗೆ ವಾರ್ಡಿನಿಂದ ಡಾಕ್ಟರಿಗೆ ಮಾಡಿದರೆ ಔಷಧಿ ಅಂಗಡಿಯಲ್ಲಿ ರಿಂಗಾಗುತ್ತಿತ್ತು. ಹೊರಗಿನಿಂದ ಬಂದ ಕರೆ ಎಕ್ಸ್‌ರೇ ಕೋಣೆಗೆ ಹೋಗಿ ಬಡಿದುಕೊಳ್ಳುತ್ತಿತ್ತು. ನಾನು ಏಣಿ ಇಳಿದು ಬಂದು ಪರದೆ ನೋಡಿದರೆ ಹಳೆಯದರ ಪ್ರತಿ ಇಲ್ಲ. ನರ್ಸುಗಳು ಮೆಟ್ಟಿಲು ಹತ್ತಿ ಇಳಿದು ಓಡಾಡಿದರು. ಡಾಕ್ಟರು ಕೂಗಾಡಿಕೊಂಡು ಹಜಾರಕ್ಕೆ ಬಂದರು.

ಯಜಮಾನರು ಒಂದು ನಿಮಿಷ ಕೂಡ ಯೋಚಿಸಲಿಲ್ಲ. "ಇವನೇ ಸಾರ್, ಇವನೇ. ಬೇರೆ ಕಂಪನಿ ಫೈಲು ಹಾಕವ್ನೆ. ಏನ್ಲಾ, ತಲೇಲಿ ಏನ್ಲಾ ಇಟ್ಕೊಂಡಿದ್ದೀಯ?" ಎಂದು ಚೀಲ ಕಿತ್ತುಕೊಂಡರು. "ನಾಳೆಯಿಂದ ಬರ್ಬೇಡ ನೀನು." ನಾನು ಬಾಯಿ ತೆಗೆಯುವಷ್ಟರಲ್ಲಿ ಡಾಕ್ಟರು ಬೆನ್ನು ತಿರುಗಿಸಿದ್ದರು. ಮೇಡಂ ಗೋಡೆಯ ಪಕ್ಕ ನಿಂತಿದ್ದರು, ಏನೂ ಹೇಳಲಿಲ್ಲ. ಗುಂಡಿ ಒತ್ತಿದವರು ಯಾರೆಂಬುದು ನಮ್ಮಿಬ್ಬರಿಗೆ ಬಿಟ್ಟು ಇನ್ನಾರಿಗೂ ತಿಳಿಯದು ಎಂದೇ ನಾನಂದುಕೊಂಡೆ.

ಬೇರೆ ಊರಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲವೇನೋ. ಮುಳಬಾಗಿಲು ನನ್ನ ಊರು. ನಮ್ಮಪ್ಪ ಅಲ್ಲಿನ ಅಂಗಡಿಗಳಿಗೆಲ್ಲ ಲೆಕ್ಕ ಬರೆಯುವವರು. ಅದೇ ನರ್ಸಿಂಗ್ ಹೋಮಿಗೂ ಸಂಜೆ ಹೊತ್ತು ಹೋಗಿ ಬರೆಯುತ್ತಿದ್ದರು. ಆ ದಿನ ಅಲ್ಲಿಂದ ಬಂದವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಸುಮ್ಮನೆ ಕೂತರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ತಲೆಯೆತ್ತಲಿಲ್ಲ.

"ನೀನೇ ಏನೋ ಮಾಡಿರ್ತೀಯ ಬಿಡೋ. ಅಷ್ಟು ದೊಡ್ಡ ಮನುಷ್ಯ ಸುಮ್ಸುಮ್ನೆ ಬೈತಾರೇನು?"

ಯಜಮಾನರ ಬೈಗುಳ ಚರ್ಮಕ್ಕೆ ತಾಗಿತ್ತು. ಈ ಮಾತು ಎದೆಗೇ ಬಂತು. ಆಮೇಲೆ ನೆಂಟರಿಷ್ಟರು ಕೇಳಿದಾಗಲೆಲ್ಲ ಅಪ್ಪ "ಕೆಲ್ಸ ಕೆಡಿಸ್ಕೊಂಡ್ ಬಂದ" ಎಂದು ಹೇಳುವುದು ನನ್ನ ಕಿವಿಗೇ ಬೀಳುತ್ತಿತ್ತು. ನನಗೆ ಬೇಕಿದ್ದದ್ದು ಒಂದೇ. ಯಜಮಾನರು ಆ ಮೇಡಂಗೆ ತಮ್ಮ ಬಾಯಾರೆ ನಿಜ ಹೇಳಬೇಕು. ಅದು ಅಲ್ಲಿ ಲೆಕ್ಕ ಬರೆಯುವವರ ಕಿವಿಗೂ ಹೋಗಬೇಕು.

ಕೋಲಾರದ ಬಸ್ ಸ್ಟ್ಯಾಂಡ್ ಪಕ್ಕದ ಒಂದು ಎಸ್‌ಟಿಡಿ ಬೂತಿನಲ್ಲಿ ಮೇಜು ಹಾಕಿಕೊಂಡು ಕೂತೆ. ಸ್ಕ್ರೂಡ್ರೈವರು, ಮೀಟರು ನನ್ನವೇ ಇದ್ದವು. ಎಕ್ಸ್‌ಚೇಂಜಿನ ಸಾಫ್ಟ್‌ವೇರಿನ ಫ್ಲಾಪಿ ಪೆಟ್ಟಿಗೆಯ ಜೊತೆಗೇ ಗಿರಾಕಿಗೆ ಬರುತ್ತಿತ್ತು, ಅದಕ್ಕೂ ಯಜಮಾನರ ಹಂಗಿಲ್ಲ. ಇಲ್ಲದಿದ್ದದ್ದು ಲ್ಯಾಪ್‌ಟಾಪ್ ಮಾತ್ರ.

ಕಂಪ್ಯೂಟರ್ ಅಂಗಡಿಯವನು ಒಂದು ಬೆಳ್ಳಿ ಬಣ್ಣದ್ದನ್ನು ತೋರಿಸಿದ. ಆಗ ತಾನೇ ಬಂದದ್ದು, ತೆಳ್ಳಗೆ, ಮುಚ್ಚಳದ ಮೇಲೆ ಮುಖ ಕಾಣುವಷ್ಟು ಹೊಳಪು. ನೋಡಿದ ಕೂಡಲೇ ನನ್ನ ತಲೆಯಲ್ಲಿ ಓಡಿದ್ದು ಕೆಲಸವಲ್ಲ. ಯಜಮಾನರ ಗಿರಾಕಿಯ ಮೇಜಿನ ಮೇಲೆ ಇದನ್ನು ಇಟ್ಟು ಟಪ್ಪೆಂದು ತೆರೆದರೆ, ಆ ಮನುಷ್ಯನ ಕೀಬೋರ್ಡು ಸವೆದ ಹಳೇ ಡಬ್ಬ ಹೇಗೆ ಕಾಣಬಹುದು ಎಂಬುದೊಂದೇ. ಹಿಂಭಾಗ ತಿರುಗಿಸಿ ನೋಡಿದೆ. ಎಕ್ಸ್‌ಚೇಂಜಿನ ಕೇಬಲ್ ಸಿಕ್ಕಿಸುವ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇರಲಿಲ್ಲ. ನಮ್ಮ ಎಕ್ಸ್‌ಚೇಂಜುಗಳು ಮಾತಾಡುತ್ತಿದ್ದದ್ದು ಆ ಪೋರ್ಟಿನ ಜೊತೆ ಮಾತ್ರ.

"ಅದೆಲ್ಲ ಹಳೇ ಕಾಲದ್ದು ಸಾರ್," ಎಂದು ಅಂಗಡಿಯವನು ನಕ್ಕ. "ಈಗ ಎಲ್ಲಾ ಯುಎಸ್‌ಬಿ. ಈ ಕನ್ವರ್ಟರ್ ಹಾಕ್ಕೊಳಿ, ಮುಗೀತು. ಬೇಕಾದ್ರೆ ತಗೊಂಡೋಗಿ, ನೋಡಿ, ಹಿಡಿಸ್ದಿದ್ರೆ ವಾಪಸ್ ಕೊಡಿ."

ಅದಕ್ಕೆ ಫ್ಲಾಪಿಯ ಜಾಗವೂ ಇರಲಿಲ್ಲ, ಸಾಫ್ಟ್‌ವೇರನ್ನು ಅಂಗಡಿಯವನಿಂದಲೇ ಒಳಗೆ ಹಾಕಿಸಿಕೊಂಡು, ಹೊಳಪಿಗೆ ಮರುಳಾಗಿ ತೆಗೆದುಕೊಂಡು ಹೋದೆ. ಯಜಮಾನರು ಕರೆದರೆ ಬರುವುದಿಲ್ಲವೆಂದು ಗೊಣಗುತ್ತಿದ್ದ ಮಾಲೂರಿನ ಹೆಂಚಿನ ಕಾರ್ಖಾನೆಯ ಮ್ಯಾನೇಜರು ನನಗೆ ಪರಿಚಯ. ಚಿತ್ತೂರಿನ ಕಡೆಯವರು, ಮಾತು ಅರ್ಧ ತೆಲುಗು. ಗೋಡೌನಿಗೆ ಹೊಸ ಫೋನು ಬೇಕಿತ್ತು, ಒಪ್ಪಿಕೊಂಡರು. ಕನ್ವರ್ಟರ್ ಹಾಕಿದೆ. ಅದು ತನಗೆ ಏಳನೇ ಪೋರ್ಟಿನ ಸಂಖ್ಯೆ ಹಾಕಿಕೊಂಡಿತು. ನಮ್ಮ ಸಾಫ್ಟ್‌ವೇರು ಹಳೆಯದು, ನಾಲ್ಕರ ಆಚೆಗೆ ಅದಕ್ಕೆ ಲೋಕವೇ ಇಲ್ಲ. ಸಂಖ್ಯೆಯನ್ನು ಮೂರಕ್ಕೆ ಬದಲಾಯಿಸಿದೆ. ಸಂಪರ್ಕ ಸಿಕ್ಕಿತು. ಕ್ರಮ ಬಿಡದೆ ಮೊದಲು ಓದಿಸಿ ಉಳಿಸಿಕೊಂಡೆ. ಹೊಸ ನಂಬರು ಸೇರಿಸಿ ಬರೆಯಲು ಕಳಿಸಿದೆ. ಅರ್ಧಕ್ಕೆ ಬಂದು ನಿಂತಿತು. ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗತೊಡಗಿತು. ಕಾರ್ಖಾನೆಯ ಒಂದು ಫೋನೂ ಉಸಿರೆತ್ತಲಿಲ್ಲ.

ಮತ್ತೆ ಕಳಿಸಿದೆ, ಮತ್ತೆ ಅದೇ ಗತಿ. ವೇಗ ಕಡಿಮೆ ಮಾಡಿದೆ, ಕೇಬಲ್ ಬದಲಾಯಿಸಿದೆ, ಕನ್ವರ್ಟರಿನ ಸಿ.ಡಿ.ಯಿಂದ ಅದರ ಡ್ರೈವರ್ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿದೆ. ಓದುವಾಗ ನೆಟ್ಟಗಿರುವುದು ಬರೆಯುವಾಗ ಕೈಕೊಡುತ್ತಿತ್ತು. ಕೊನೆಗೆ ಪೆಟ್ಟಿಗೆಯಲ್ಲಿದ್ದದ್ದನ್ನು ಪೂರ್ತಿ ಅಳಿಸಿ, ಮೊದಲ ಫೋನಿನ ಮುಂದೆ ಕೂತು, ಓದಿಸಿ ಉಳಿಸಿದ್ದ ಫೈಲನ್ನು ನೋಡಿಕೊಂಡು ಒಂದೊಂದೇ ಕೋಡನ್ನು ಕೈಯಾರೆ ಒತ್ತಿ ತುಂಬಿದೆ. ಮಧ್ಯಾಹ್ನದ ಊಟವಿಲ್ಲ. ಬೆರಳಿನ ತುದಿ ಮರಗಟ್ಟಿಹೋಗಿತ್ತು. ಸಂಜೆ ಫೋನುಗಳೆಲ್ಲ ಎದ್ದವು. ಮ್ಯಾನೇಜರು ಬೀಡಿ ಆರಿಸಿ ಹತ್ತಿರ ಬಂದರು.

"ಏಮಯ್ಯಾ, ನಿಮ್ ಯಜಮಾನ್ರು ಹೇಳಿದ್ದು ನಿಜಾನೇ ಇರ್ಬೇಕು. ಆಸ್ಪತ್ರೇಲೂ ಹಿಂಗೇ ಮಾಡಿದ್ಯಂತಲ್ಲ?"

ಆ ಸುಳ್ಳು ಮಾಲೂರಿನ ತನಕ ಬಂದು ಮನೆ ಮಾಡಿತ್ತು, ನಾನೇ ಅದಕ್ಕೆ ಸಾಕ್ಷಿ ಒದಗಿಸಿದ್ದೆ. ಬಸ್ಸಿಗೆ ಕಾಯುತ್ತ ಆ ಬೆಳ್ಳಿಯ ಮುಚ್ಚಳವನ್ನು ನೋಡಿದೆ. ಇದನ್ನು ಎತ್ತಿಕೊಂಡು ಬಂದದ್ದು ಯಜಮಾನರ ಕಣ್ಣು ಕುಕ್ಕಲಿಕ್ಕೆ. ಅವರ ಕಣ್ಣು ಕುಕ್ಕಿದರೆ ನನಗೇನು ಬಂತು? ಅವರ ಗಿರಾಕಿ ನನ್ನ ಕಡೆ ಬರಬೇಕು, ಬಂದವನು ವಾಪಸ್ ಹೋಗಬಾರದು, ಅವರ ಅನ್ನಕ್ಕೆ ಕೈ ಹಾಕಿದಂತಾಗಬೇಕು. ಹಾಗಾದರೆ ಬೇಕಾದದ್ದು ಪೋರ್ಟ್ ಇರುವ ಲ್ಯಾಪ್‌ಟಾಪ್. ಅದು ಎಷ್ಟೇ ಕುರೂಪಿಯಾಗಿರಲಿ.

ಮರುದಿನವೇ ಬೆಳ್ಳಿಯದನ್ನು ವಾಪಸ್ ಕೊಟ್ಟು ಬೆಂಗಳೂರಿನ ಹಳೇ ಸಾಮಾನಿನ ಗಲ್ಲಿಗಳಿಗೆ ಹೋದೆ. ಈ ಸಲ ಬರೀಗೈಯಲ್ಲಿ ಹೋಗಲಿಲ್ಲ. ಹಳೆಯದೊಂದು ಪುಟ್ಟ ಎಕ್ಸ್‌ಚೇಂಜನ್ನು ಗೋಣಿಚೀಲದಲ್ಲಿ ಹೊತ್ತುಕೊಂಡಿದ್ದೆ, ಜೇಬಿನಲ್ಲಿ ಒಂದು ಸೇಫ್ಟಿ ಪಿನ್ನು. ಪೋರ್ಟಿನ ಎರಡನೇ ಮತ್ತು ಮೂರನೇ ಪಿನ್ನುಗಳನ್ನು ಸೇಫ್ಟಿ ಪಿನ್ನಿನಿಂದ ಸೇರಿಸಿ, ಕೀಬೋರ್ಡಿನಲ್ಲಿ ಒತ್ತಿದ ಅಕ್ಷರ ಹೊರಗೆ ಹೋಗಿ ಹಾಗೇ ಪರದೆಗೆ ವಾಪಸ್ ಬಂದರೆ ಪೋರ್ಟಿಗೆ ಜೀವ ಇದೆ ಎಂದರ್ಥ. ಅಂಗಡಿಯವರು ನನ್ನನ್ನು ಹುಚ್ಚನೆಂದುಕೊಂಡರು. "ಏನ್ ಸಾರ್, ಲ್ಯಾಪ್‌ಟಾಪಿಗೆ ಇಂಜೆಕ್ಷನ್ ಕೊಡ್ತಿದ್ದೀರಾ?" ಎಂದ ಒಬ್ಬ. ಒಂದಕ್ಕೆ ಪೋರ್ಟ್ ಇತ್ತು, ಒಳಗೆ ಬೆಸುಗೆ ಬಿಟ್ಟಿತ್ತು. ಇನ್ನೊಂದರಲ್ಲಿ ಅಕ್ಷರ ಸರಿಯಾಗಿ ಬಂತು, ಫ್ಲಾಪಿ ಹಾಕುವ ಜಾಗವೇ ಇಲ್ಲ. ಮತ್ತೊಂದು ಎಲ್ಲದರಲ್ಲೂ ಪಾಸಾಗಿ, ಬಿಸಿಯಾದ ಮೇಲೆ ತಾನೇ ಆರಿಹೋಯಿತು.

ಕೊನೆಗೆ ಸಿಕ್ಕಿದ್ದು ಯಾವುದೋ ಕಚೇರಿಯಿಂದ ಹೊರಬಿದ್ದ ಕರೀ ದಪ್ಪ ಲ್ಯಾಪ್‌ಟಾಪ್. ಕೀಲು ಒಡೆದಿತ್ತು, ಬ್ಯಾಟರಿ ಸತ್ತಿತ್ತು, ಮುಚ್ಚಳದ ಮೇಲಿನ ಹೆಸರನ್ನು ಬ್ಲೇಡಿನಿಂದ ಕೆರೆದಿದ್ದರು. ಹಿಂದೆ ಒಂಬತ್ತು ಪಿನ್ನುಗಳೂ ನೆಟ್ಟಗೆ ನಿಂತಿದ್ದವು. ಗೋಣಿಚೀಲದ ಎಕ್ಸ್‌ಚೇಂಜನ್ನು ಅಂಗಡಿಯವನ ಗಲ್ಲಾದ ಮೇಲೇ ಇಟ್ಟು ಓದಿಸಿದೆ, ಬರೆಸಿದೆ, ಮತ್ತೆ ಮತ್ತೆ ಬರೆಸಿದೆ. ಒಂದು ಸಲವೂ ತಪ್ಪಲಿಲ್ಲ. ಅಪ್ಪ ಹೊಲಿಸಿಕೊಟ್ಟಿದ್ದ ಒಳ್ಳೆಯ ಅಂಗಿಯ ಮೇಲೆ ಆ ಗಲ್ಲಿಯ ಧೂಳೆಲ್ಲ ಮೆತ್ತಿಕೊಂಡಿತ್ತು. ನನಗೆ ಅದರ ಪರಿವೆಯೇ ಇರಲಿಲ್ಲ.

ಬ್ಯಾಟರಿ ಇಲ್ಲದ್ದರಿಂದ ಒಂದು ಸಣ್ಣ ಯುಪಿಎಸ್ಸನ್ನೂ ಹೊರಬೇಕಾಯಿತು. ನಮ್ಮ ಕಡೆ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಬರೆಯುವಾಗ ಹೋದರೆ ನನ್ನ ಕಥೆ ಅಲ್ಲಿಗೆ ಮುಗಿದ ಹಾಗೆ. ಒಂದು ಹೆಗಲಿಗೆ ಲ್ಯಾಪ್‌ಟಾಪ್, ಇನ್ನೊಂದು ಕೈಯಲ್ಲಿ ಯುಪಿಎಸ್ ಹಿಡಿದು ಬಸ್ಸು ಹತ್ತುತ್ತಿದ್ದೆ. ಮೊದಲು ಹೋದದ್ದು ಮಾಲೂರಿಗೇ. ದುಡ್ಡು ಬೇಡ, ಇನ್ನೊಂದು ಸಲ ನೋಡಿ ಎಂದೆ. ಮ್ಯಾನೇಜರು ಕಣ್ಣೆದುರಿಗೇ ಕೂತು ನೋಡಿದರು, ಮೆತ್ತಗಾದರು. ಆಮೇಲೆ ಕೋಲಾರದ ಟೊಮೆಟೊ ಮಂಡಿಯ ಅಂಗಡಿಗಳು ಬಂದವು, ಕ್ಯಾಲನೂರಿನ ಹಾಲಿನ ಡೇರಿ ಬಂತು. ಒಬ್ಬೊಬ್ಬ ಗಿರಾಕಿ ನನ್ನ ಕಡೆ ತಿರುಗಿದಾಗಲೂ ಯಜಮಾನರ ಮುಖವನ್ನು ನೆನೆಸಿಕೊಂಡು ಒಂದು ಟೀ ಜಾಸ್ತಿ ಕುಡಿಯುತ್ತಿದ್ದೆ.

ಮಾವಿನ ಕಾಲಕ್ಕೆ ಮುಂಚೆ ಒಂದು ದಿನ ಕಂಪ್ಯೂಟರ್ ಅಂಗಡಿಯವನು ನನ್ನನ್ನು ಕರೆದು ಕೂರಿಸಿದ.

"ನಿಮ್ ಹಳೇ ಯಜಮಾನ್ರ ಲ್ಯಾಪ್‌ಟಾಪ್ ಸುಟ್ಟೋಗೈತಂತೆ. ಈ ಬೆಳ್ಳಿ ಬಣ್ಣದ್ದು ಕೇಳ್ತಾವ್ರೆ. ನೀವು ವಾಪಸ್ ಕೊಟ್ರಲ್ಲ, ಏನಾದ್ರೂ ತೊಂದ್ರೆ ಇತ್ತಾ ಸಾರ್?"

ಯೋಚಿಸಲು ನನಗೆ ಸಮಯವೇ ಬೇಕಾಗಲಿಲ್ಲ. "ತೊಂದ್ರೆನಾ? ಏನೂ ಇಲ್ಲ. ನನಗೆ ಬಣ್ಣ ಹಿಡಿಸ್ಲಿಲ್ಲ ಅಷ್ಟೇ. ಕಣ್ಮುಚ್ಕೊಂಡು ಕೊಡಿ. ಕನ್ವರ್ಟರ್ ಕೂಡ ಕೊಡೋದು ಮರೀಬೇಡಿ."

ಅಲ್ಲಿಂದೆದ್ದು ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆ. ಅಷ್ಟು ರುಚಿಯಾದ ದೋಸೆಯನ್ನು ನಾನು ಮತ್ತೆ ತಿಂದಿಲ್ಲ. ಇವತ್ತಿಗೂ ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಶ್ರೀನಿವಾಸಪುರದಲ್ಲಿ ಯಜಮಾನರಿಗೆ ಉಳಿದಿದ್ದ ದೊಡ್ಡ ಗಿರಾಕಿಯೆಂದರೆ ಮಾವಿನ ಹಣ್ಣಿನ ತಿರುಳು ತೆಗೆಯುವ ಒಂದು ಕಾರ್ಖಾನೆ. ಸೀಸನ್ನು ಏರಿದಾಗ ಅಲ್ಲಿ ಲಾರಿಗಳು ರಸ್ತೆಯುದ್ದಕ್ಕೂ ನಿಲ್ಲುತ್ತವೆ, ಫೋನು ಒಂದು ಗಳಿಗೆ ಸುಮ್ಮನಿರುವುದಿಲ್ಲ. ಅಂಥ ದಿನದಲ್ಲೇ ಯಜಮಾನರು ಅಲ್ಲಿ ಹೊಸ ಲ್ಯಾಪ್‌ಟಾಪ್ ತೆರೆದು ಬರೆಯಲು ಕೂತರು. ಅರ್ಧಕ್ಕೆ ಬಂದು ನಿಂತಿತು. ಕಾರ್ಖಾನೆಯ ಫೋನುಗಳೆಲ್ಲ ಸತ್ತವು. ಈ ಸುದ್ದಿಯನ್ನು ನನಗೆ ತಂದವರು ಯಜಮಾನರೇ. ಬೂತಿನ ಮುಂದೆ ಕಾರು ನಿಲ್ಲಿಸಿ, ಬೆವರು ಒರೆಸುತ್ತ ಒಳಗೆ ಬಂದರು. ಪಕ್ಕದ ಸ್ಟೂಲಿನ ಮೇಲೆ ತಾವೇ ಕೂತರು.

"ನಿನ್ ಲ್ಯಾಪ್‌ಟಾಪ್ ಒಂದು ಗಳಿಗೆ ಕೊಡಪ್ಪ. ಹಣ್ಣು ಲಾರೀಲೇ ಕೊಳೀತಾ ಐತೆ, ಅವ್ರು ನನ್ನ ಸಾಯಿಸಿಬಿಡ್ತಾರೆ."

"ಲ್ಯಾಪ್‌ಟಾಪ್ ಕೊಡಲ್ಲ ಸಾರ್. ನಾನೇ ಬರ್ತೀನಿ."

"ಬಾ ಮತ್ತೆ, ಎದ್ದೇಳು."

"ಅದಕ್ಕೆ ಮುಂಚೆ ಒಂದು ಫೋನ್ ಮಾಡ್ಬೇಕು ನೀವು. ನರ್ಸಿಂಗ್ ಹೋಮಿನ ಮೇಡಂಗೆ. ಆವತ್ತು ಬಟನ್ ಒತ್ತಿದ್ದು ಯಾರು ಅಂತ ಹೇಳಿ. ನನ್ ಮುಂದೆ ಹೇಳಿ."

ಅವರು ನನ್ನನ್ನೇ ನೋಡಿದರು. "ಇಷ್ಟು ದಿನ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ದೀಯಾ?" ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಅವರ ಮುಂದಕ್ಕೆ ತಳ್ಳಿದೆ. ಹೊರಗೆ ಬಸ್ಸಿನವರು ಚಿಂತಾಮಣಿ, ಚಿಂತಾಮಣಿ ಎಂದು ಕೂಗುತ್ತಿದ್ದರು. ಯಜಮಾನರು ಫೋನಿನ ಹತ್ತಿರಕ್ಕೆ ಬಾಗಿದರು.

"ಮೇಡಂ, ನಾನು ಕೋಲಾರದಿಂದ. ಆವತ್ತು ಫೋನ್ ಕೆಟ್ಟಿತ್ತಲ್ಲ ನಿಮ್ದು, ಅದು ಹುಡುಗನ ತಪ್ಪಲ್ಲ. ಬೇರೆ ಫೈಲು ಹಾಕಿದ್ದು ನಾನು."

ಎಷ್ಟು ತಿಂಗಳಿಂದ ಈ ಮಾತಿಗೆ ಕಾದಿದ್ದೆ. ಕುಣಿಯಬೇಕೆನಿಸಿತು. ಆ ಕಡೆಯಿಂದ ಮೇಡಂ ಸಣ್ಣಗೆ ನಕ್ಕರು.

"ಅದು ನಂಗೆ ಆವತ್ತೇ ಗೊತ್ತಿತ್ತು ಬಿಡಿ. ನಿಮ್ ಹಿಂದೇನೇ ನಿಂತಿದ್ನಲ್ಲ. ರಾಹುಕಾಲ ಬಂತು, ಬೇಗ ಬೇಗ ಅಂತ ಅವಸರ ಮಾಡ್ದೋಳೂ ನಾನೇ. ತಮ್ಮನ ಮುಂದೆ ಹೇಳೋಕೆ ನಂಗೂ ಬಾಯಿ ಬರ್ಲಿಲ್ಲ. ಮನಸ್ಸು ತಡೀಲಿಲ್ಲ, ಸಂಜೆ ಲೆಕ್ಕಕ್ಕೆ ಬಂದಾಗ ಅವರಪ್ಪಂಗೆ ಹೇಳ್ದೆ, ನಿಮ್ ಹುಡುಗನ್ದು ಏನೂ ತಪ್ಪಿಲ್ಲ ಅಂತ. ಯಾಕೆ, ಅವ್ರು ಹೇಳಿಲ್ವಾ?"

ಯಜಮಾನರು ನಿಧಾನಕ್ಕೆ ಫೋನಿಟ್ಟರು. ನನ್ನ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ. ನಾನು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಎದ್ದೆ.

ಅವರ ಕಾರಿನಲ್ಲೇ ಹೊರಟೆವು. ಶ್ರೀನಿವಾಸಪುರದ ಹತ್ತಿರ ಮಾವಿನ ಲಾರಿಗಳ ಸಾಲು ಕಂಡಾಗ ಯಜಮಾನರು, "ನಿಮ್ಮಪ್ಪಂಗೆ ಗೊತ್ತಿತ್ತು ಅಂತ ನಂಗೂ ತಿಳೀದು ಕಣಯ್ಯ" ಎಂದರು. ಅದರಲ್ಲಿ ಕನಿಕರವಿತ್ತು. ಆ ಮನುಷ್ಯನ ಕೈಯಲ್ಲಿ ಕನಿಕರ ಪಡೆಯುವ ಸ್ಥಿತಿ ಬಂತಲ್ಲ ಎಂದು ಮೈಯೆಲ್ಲ ಉರಿಯಿತು. ಕಾರ್ಖಾನೆಯಲ್ಲಿ ಪೆಟ್ಟಿಗೆಯನ್ನು ಅಳಿಸಿದೆ, ಅವರು ಓದಿಸಿ ಉಳಿಸಿದ್ದ ಪ್ರತಿಯನ್ನು ಫ್ಲಾಪಿಗೆ ಹಾಕಿಸಿಕೊಳ್ಳೋಣವೆಂದರೆ ಅವರ ಹೊಸ ಲ್ಯಾಪ್‌ಟಾಪಿಗೆ ಫ್ಲಾಪಿಯ ಜಾಗವೂ ಇಲ್ಲ. ಅದರ ಪರದೆ ನೋಡಿಕೊಂಡು ನನ್ನದರಲ್ಲಿ ಹೊಸದಾಗಿ ತುಂಬಿದೆ. ನಂಬರುಗಳನ್ನು ಯಜಮಾನರು ಓದಿ ಹೇಳುತ್ತ ಹೋದರು. ಬರೆಯಲು ಕಳಿಸಿದೆ, ತಡವರಿಸದೆ ಹೋಯಿತು. ಗೇಟಿನ ಫೋನು ಮೊದಲು ರಿಂಗಾಯಿತು. ಕಾರ್ಖಾನೆಯವರು ಯಜಮಾನರನ್ನು ಬಿಟ್ಟು ನನ್ನ ನಂಬರು ಬರೆದುಕೊಂಡರು. ಬೇಕೆಂದಿದ್ದೆಲ್ಲ ಒಂದೇ ದಿನ ಕೈಸೇರಿತ್ತು, ಒಂದೂ ಹಿಡಿಸಲಿಲ್ಲ.

ಅಲ್ಲಿಂದ ಸೀದಾ ಮುಳಬಾಗಿಲಿನ ಬಸ್ಸು ಹತ್ತಿದೆ. ಮನೆಗೆ ಹೋದಾಗ ಇನ್ನೂ ಬೆಳಕಿತ್ತು. ಅಪ್ಪ ಜಗಲಿಯ ಮೇಲೆ ಕನ್ನಡಕ ಒರೆಸುತ್ತ ಕೂತಿದ್ದರು. ಯಜಮಾನರಿಂದ ಫೋನು ಮಾಡಿಸಿದ್ದನ್ನೂ ಮೇಡಂ ಹೇಳಿದ್ದನ್ನೂ ಹೇಳಿ, "ನಿಜಾನಾ ಅಪ್ಪ?" ಎಂದು ಕೇಳಿದೆ.

ಅವರು ಕನ್ನಡಕ ಹಾಕಿಕೊಂಡರು, ಮತ್ತೆ ತೆಗೆದರು. "ಹೇಳಿದ್ರು ಕಣೋ. ಯಾರಿಗೂ ಹೇಳ್ಬೇಡಿ ಅಂತಾನೂ ಅಂದ್ರು. ನಾನು ಬಾಯಿ ಬಿಟ್ಟಿದ್ರೆ ಅಲ್ಲಿ ನನ್ ಕೆಲ್ಸಾನೂ ಹೋಗ್ತಿತ್ತು. ನೀನು ವಯಸ್ಸಿನ ಹುಡುಗ, ಇನ್ನೊಂದು ಕಡೆ ಹುಡುಕ್ಕೋತೀಯ ಅಂದ್ಕೊಂಡೆ."

"ನನ್ ಹತ್ರಾದ್ರೂ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಅಲ್ಲೇ ಹೋಗಿ ಜಗಳ ಆಡ್ತಿದ್ದೆ." ಮತ್ತೆ ಮೆತ್ತಗೆ ಹೇಳಿದರು: "ಆಯ್ತಲ್ಲ, ಆ ಯಜಮಾನ್ರ ಬಾಯಲ್ಲೇ ಹೇಳ್ಸಿದೆ. ಸೇಡು ತೀರ್ತು. ಇನ್ ಬಿಟ್ಬಿಡು."

"ಅವರ ಮೇಲಿನ್ದು ತೀರ್ತು ಅಪ್ಪ," ಎಂದೆ. ಅವರಿಗೆ ಅರ್ಥವಾಯಿತು. ಕನ್ನಡಕವನ್ನು ಕೈಯಲ್ಲೇ ಹಿಡಿದು ಕೂತರು. ನಾನು ಯುಪಿಎಸ್ ಎತ್ತಿಕೊಂಡು ಕೋಲಾರದ ಬಸ್ಸಿಗೆ ಹೊರಟೆ.